ಬಾವುಟ ಏರಿಸಿದ ಮೇಲೆ ಏನಾಯ್ತು?

ಕಳೆದ ಸಂಚಿಕೆಯಲ್ಲಿ ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ಆಸ್ಟ್ರೇಲಿಯಾದ ಯೋಧ ಟಾಮ್ ಡೆರಿಕ್ ಬಗ್ಗೆ ಒಂದು ಪುಟದ ಲೇಖನ ಹಾಕಿದ್ದೆವು. ಅದನ್ನು ಓದಿ ಹಾಸನ ಜಿಲ್ಲೆಯ ನಿವೃತ್ತ ಹವಾಲ್ದಾರರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು:

"ನಿಮ್ಮ ಲೇಖನದಲ್ಲಿ ಡೆರಿಕ್ ಗುಡ್ಡ ಹತ್ತುತ್ತಾನೆ, ಜಪಾನಿಯರನ್ನು ಓಡಿಸುತ್ತಾನೆ, ಮಾರನೇ ದಿನ ಬಾವುಟ ಏರಿಸುತ್ತಾನೆ, ಮುಗೀತು. ಆಮೇಲೆ ಯುದ್ಧದಲ್ಲೇ ಸತ್ತ ಅಂತ ಒಂದೇ ಸಾಲು. ಎಲ್ಲಿ ಸತ್ತ? ಹೇಗೆ ಸತ್ತ? ನಾನು ಹದಿನೇಳು ವರ್ಷ ಸೇನೆಯಲ್ಲಿದ್ದವನು. ಹಿಂದೆ ಬಾ ಅಂದಾಗ ಬರದೇ ಹೋದವನಿಗೆ ಪದಕ ಕೊಟ್ಟರೆ ಮಿಕ್ಕವರು ಏನು ಕಲಿಯಬೇಕು? ಅವನ ಸಾವಿನಿಂದ ಯಾರಿಗಾದರೂ ಉಪಯೋಗ ಆಯ್ತಾ? ಇನ್ನೊಂದು, ನನ್ನ ಮಗಳು ಮಲೇಷ್ಯಾದಲ್ಲಿದ್ದಾಳೆ. ಅವನ ಸಮಾಧಿ ಆ ಕಡೆ ಎಲ್ಲೋ ಇದೆ ಅಂತ ಕೇಳಿದೆ, ನಿಜವಾ?"

ಹವಾಲ್ದಾರ್ ಸಾಹೇಬರೇ,

ತಪ್ಪು ನಮ್ಮದು. ನಮ್ಮದು ಅಂದರೆ ನನ್ನದು. ಲೇಖಕರು ಕಳಿಸಿದ್ದರಲ್ಲಿ ಡೆರಿಕ್ ಸಾವಿನ ಬಗ್ಗೆ ಎರಡು ಪ್ಯಾರಾ ಇದ್ದವು. ಪುಟದಲ್ಲಿ ಜಾಗ ಸಾಲಲಿಲ್ಲ ಅಂತ ಕತ್ತರಿ ಹಾಕಿದವನು ನಾನು. ನಿಜ ಹೇಳಬೇಕೆಂದರೆ ಜಾಗ ಒಂದು ನೆಪ ಅಷ್ಟೇ. ಜಾಹೀರಾತನ್ನು ಸ್ವಲ್ಪ ಸರಿಸಿದ್ದರೆ ಜಾಗ ಆಗುತ್ತಿತ್ತು. ಬಾವುಟದ ಹತ್ತಿರ ನಿಲ್ಲಿಸಿದರೆ ಓದುವವರಿಗೆ ಹಿತವಾಗಿರುತ್ತದೆ ಅನ್ನಿಸಿತು, ನಿಲ್ಲಿಸಿದೆ. ಆದರೆ ಆ ಬಾವುಟಕ್ಕೂ ಅವನ ಸಾವಿಗೂ ನಡುವೆ 18 ತಿಂಗಳಿದೆ. ನೀವು ಕೇಳಿದ್ದೆಲ್ಲ ಆ 18 ತಿಂಗಳಲ್ಲೇ ಇದೆ.

ಮೊದಲು ಅವನ ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಅದನ್ನೂ ನಾವು ಸರಿಯಾಗಿ ಬರೆದಿರಲಿಲ್ಲ.

ಥಾಮಸ್ ಕರ್ರಿ ಡೆರಿಕ್ ಹುಟ್ಟಿದ್ದು 1914ರ ಮಾರ್ಚ್ 20ರಂದು, ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್ ನಗರದಲ್ಲಿ. ಮನೆಯಲ್ಲಿ ಬಡತನ. ಎಷ್ಟೋ ದಿನ ಬರಿಗಾಲಲ್ಲೇ ಶಾಲೆಗೆ ನಡೆದುಹೋಗುತ್ತಿದ್ದ. 14ಕ್ಕೇ ಶಾಲೆ ಬಿಟ್ಟು ಬೇಕರಿಯಲ್ಲಿ ಕೆಲಸಕ್ಕೆ ಸೇರಿದ. ಜೊತೆಗೆ ಸೈಕಲ್ ರಿಪೇರಿ, ಪೇಪರ್ ಮಾರುವುದು. ಅಷ್ಟರಲ್ಲಿ ಜಗತ್ತಿನ ಆರ್ಥಿಕ ಕುಸಿತ ಬಂತು. 1931ರಲ್ಲಿ ಬೇಕರಿ ಕೆಲಸವೂ ಹೋಯಿತು. ಗೆಳೆಯರ ಜೊತೆ ಸೈಕಲ್ ಹತ್ತಿ, ಸುಮಾರು 225 ಕಿಲೋಮೀಟರ್ ದೂರದ ಬೆರ್ರಿ ಊರಿಗೆ ಹೊರಟ. ಕೆಲಸ ಅಲ್ಲೂ ಸಿಗಲಿಲ್ಲ. ಮರ್ರೆ ನದಿ ದಂಡೆಯಲ್ಲಿ ಟೆಂಟ್ ಹಾಕಿಕೊಂಡು ತಿಂಗಳುಗಟ್ಟಲೆ ಕಾಲ ತಳ್ಳಿದರು.

ಆ ವರ್ಷದ್ದೇ ಒಂದು ಪ್ರಸಂಗ ನನಗೆ ತುಂಬಾ ಇಷ್ಟ. ಅಡಿಲೇಡ್ ಜಾತ್ರೆಯಲ್ಲಿ ಬಾಕ್ಸಿಂಗ್ ಡೇರೆ ಹಾಕಿದ್ದರು. ಹಗುರ ತೂಕದ ಮಾಜಿ ಚಾಂಪಿಯನ್ ಎದುರು ಮೂರು ಸುತ್ತು ನಿಂತರೆ ಪಂದ್ಯದ ಹಣ ನಿನ್ನದು ಅಂತ ಸವಾಲು. ಡೆರಿಕ್ ಒಳಗೆ ಹೋದ. ಎರಡನೇ ಸುತ್ತಿನಲ್ಲಿ ಬಿದ್ದ. ತಕ್ಷಣ ಎದ್ದು ನಿಂತ. ಕಣ್ಣು ಕಪ್ಪಾಗಿತ್ತು, ಪಕ್ಕೆಲುಬು ನೋಯುತ್ತಿತ್ತು, ಆದರೂ ಪಂದ್ಯ ಗೆದ್ದು ಹಣ ತಗೊಂಡು ಬಂದ. ಅವನಿಗಾಗ 17 ವರ್ಷ.

ಆ ವರ್ಷದ ಕೊನೆಗೆ ವಿಂಕಿ ಎಂಬ ಹಳ್ಳಿಯಲ್ಲಿ ಹಣ್ಣು ಕೀಳುವ ಕೆಲಸ ಸಿಕ್ಕಿತು. ಮುಂದೆ ಅಲ್ಲೇ ಹತ್ತಿರದ ದ್ರಾಕ್ಷಿತೋಟದಲ್ಲಿ ಒಂಬತ್ತು ವರ್ಷ ದುಡಿದ. ಬೆರಿಲ್ ಎಂಬ ಹುಡುಗಿ ಅಡಿಲೇಡ್‌ನ ಒಂದು ನೃತ್ಯಕೂಟದಲ್ಲಿ ಪರಿಚಯವಾಗಿದ್ದಳು. ಮದುವೆಗೆ ಏಳು ವರ್ಷ ಕಾದರು. 1939ರ ಜೂನ್‌ನಲ್ಲಿ ಮದುವೆ, ಸೆಪ್ಟೆಂಬರ್‌ನಲ್ಲಿ ಮಹಾಯುದ್ಧ. ಆದರೆ ಅವನು ಆಗಲೇ ಓಡಿಹೋಗಿ ಸೇನೆ ಸೇರಲಿಲ್ಲ. ಫ್ರಾನ್ಸ್ ಬಿದ್ದ ಮೇಲೆ, 1940ರ ಜುಲೈನಲ್ಲಿ ಸೇರಿದ. ಹೋಗಿದ್ದು 2/48ನೇ ಬೆಟಾಲಿಯನ್‌ಗೆ. ಎಲ್ಲರೂ ಅವನನ್ನು 'ಡೈವರ್' ಅನ್ನುತ್ತಿದ್ದರು. ಶಿಸ್ತಿನ ಸಿಪಾಯಿ ಏನಲ್ಲ. ಹಡಗು ಪರ್ತ್‌ನಲ್ಲಿ ನಿಂತಾಗ ಹೇಳದೆ ಕೇಳದೆ ಊರು ಸುತ್ತಲು ಹೋದ, ಹಿಂದೆ ಬಂದ ಮೇಲೆ ಅಣಕಿಸಿದ ಇನ್ನೊಬ್ಬ ಸಿಪಾಯಿಗೆ ಗುದ್ದಿ ದಂಡ ಕಟ್ಟಿದ. ನಿಮ್ಮ ಕಂಪನಿಯಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ, ಅಲ್ವಾ?

ಉತ್ತರ ಆಫ್ರಿಕಾದ ಕಥೆಯನ್ನು ಕಳೆದ ಬಾರಿ ಬರೆದಿದ್ದೇವೆ, ಬೇಗ ದಾಟುತ್ತೇನೆ. 1941ರಲ್ಲಿ ಲಿಬಿಯಾದ ಟೊಬ್ರುಕ್ ಬಂದರಿಗೆ ಜರ್ಮನ್ನರ ಮುತ್ತಿಗೆ. 'ಇಲಿಗಳು' ಅಂತ ಜರ್ಮನ್ ರೇಡಿಯೋ ಹಂಗಿಸಿದ್ದನ್ನೇ ಆಸ್ಟ್ರೇಲಿಯಾದವರು ಬಿರುದು ಮಾಡಿಕೊಂಡಿದ್ದು ಅಲ್ಲೇ. ಅಂದಹಾಗೆ ಆ ಮುತ್ತಿಗೆಯೊಳಗೆ ನಮ್ಮವರೂ ಇದ್ದರು. ಭಾರತೀಯ ಸೇನೆಯ 18ನೇ ಕ್ಯಾವಲ್ರಿ ಅಲ್ಲಿ ಕಾಲಾಳುಗಳಂತೆ ಕಂದಕದಲ್ಲಿ ಕಾವಲು ಕಾಯಿತು. ಇದನ್ನು ನಾವು ಮೊದಲೇ ಬರೆಯಬೇಕಿತ್ತು. 1942ರ ಜುಲೈ 10ರಂದು ಈಜಿಪ್ಟಿನ ಟೆಲ್ ಎಲ್ ಈಸಾದಲ್ಲಿ ಡೆರಿಕ್ ಮೂರು ಮಷಿನ್ ಗನ್ ನೆಲೆಗಳನ್ನು ಅಡಗಿಸಿ ನೂರಕ್ಕೂ ಹೆಚ್ಚು ಜನರನ್ನು ಸೆರೆ ಹಿಡಿದ. ಎದುರಾಳಿಗಳು ತಿರುಗಿ ಬಿದ್ದಾಗ ಹತ್ತಿರಕ್ಕೇ ಓಡಿಹೋಗಿ, ಅಂಟಿಕೊಳ್ಳುವ ಗ್ರೆನೇಡ್ ಹಾಕಿ ಎರಡು ಟ್ಯಾಂಕ್ ಕೆಡವಿದ. ಅದಕ್ಕೆ ಡಿಸ್ಟಿಂಗ್ವಿಶ್ಡ್ ಕಂಡಕ್ಟ್ ಮೆಡಲ್ ಬಂತು, ಸಾರ್ಜೆಂಟ್ ಆದ. ಅಕ್ಟೋಬರ್‌ನಲ್ಲಿ ಎಲ್ ಅಲಮೈನ್ ಕಾಳಗ, ಅದೂ ಈಜಿಪ್ಟಿನಲ್ಲೇ. ಅಲ್ಲಿ ಅವನು ಮಾಡಿದ್ದನ್ನು ಕಣ್ಣಾರೆ ಕಂಡವರು ಇವನಿಗೆ ಎಲ್ಲಕ್ಕಿಂತ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಖಂಡಿತ ಅಂದುಕೊಂಡಿದ್ದರು. ಮೇಲಿನವರು ಶಿಫಾರಸನ್ನೇ ಮಾಡಲಿಲ್ಲ.

ಈಗ ನಿಮ್ಮ ಖಾರದ ಪ್ರಶ್ನೆಗೆ ಬರುತ್ತೇನೆ.

ಡೆರಿಕ್ ಬಾವುಟ ಏರಿಸಿದ ಸಾಟೆಲ್‌ಬರ್ಗ್ ಇರುವುದು ನ್ಯೂಗಿನಿಯಲ್ಲಿ, ಫಿನ್ಶ್‌ಹಾಫೆನ್ ಕರಾವಳಿಗೆ ಹತ್ತಿರ. ಹೆಚ್ಚುಕಮ್ಮಿ ಸಾವಿರ ಮೀಟರ್ ಎತ್ತರದ ಬೆಟ್ಟ. ಜರ್ಮನ್ ಮಿಶನರಿಗಳು ಅಲ್ಲಿ ನೆಲೆ ಮಾಡಿಕೊಂಡಿದ್ದರು, ಹೆಸರೂ ಅವರದ್ದೇ ಭಾಷೆಯದು. ಯುದ್ಧದಲ್ಲಿ ಅದು ಜಪಾನಿಯರ ಕೋಟೆಯಾಯಿತು. 1943ರ ನವೆಂಬರ್ 17ರಿಂದ ಆಸ್ಟ್ರೇಲಿಯಾದ ಪಡೆ ಟ್ಯಾಂಕುಗಳ ಜೊತೆ ಮೇಲಕ್ಕೆ ಒತ್ತುತ್ತಾ ಬಂತು. 24ನೇ ತಾರೀಖು ಡೆರಿಕ್‌ನ ಪ್ಲಟೂನ್ ಕಡಿದಾದ ಒಂದು ಇಳಿಜಾರಿನ ಕೆಳಗೆ ನಿಂತಿತ್ತು. ಮೇಲೆ ಬಂಕರ್‌ಗಳು, ನಡುವೆ ಎತ್ತರದ ಹುಲ್ಲು. ಎರಡು ಗಂಟೆ ಒದ್ದಾಡಿದರೂ ದಾರಿ ಸಿಗಲಿಲ್ಲ. ಕತ್ತಲಾಗುತ್ತಾ ಬಂತು. ಬೆಟಾಲಿಯನ್ ಕಮಾಂಡರ್ ಹಿಂದೆ ಬನ್ನಿ ಅಂದರು. ಕಂಪನಿ ಕಮಾಂಡರ್ ಆ ಆದೇಶವನ್ನು ಡೆರಿಕ್‌ಗೆ ಮುಟ್ಟಿಸಿದರು.

ಅವನ ಉತ್ತರ ಆಸ್ಟ್ರೇಲಿಯಾದಲ್ಲಿ ಮನೆಮಾತು. ಮೊದಲ ಪದವನ್ನು ಪತ್ರಿಕೆಯಲ್ಲಿ ಅಚ್ಚು ಹಾಕಲು ಆಗುವುದಿಲ್ಲ. ಮಿಕ್ಕಿದ್ದರ ಅರ್ಥ ಇಷ್ಟು: ಇನ್ನು ಇಪ್ಪತ್ತು ನಿಮಿಷ ಕೊಡಿ, ಈ ಜಾಗ ನಮ್ಮದಾಗುತ್ತೆ, ನಾನು ಗುಂಡಿನ ನಡುವೆ ಸಿಕ್ಕಿಕೊಂಡಿದ್ದೀನಿ, ಹೊರಗೆ ಬರೋಕೆ ಆಗ್ತಿಲ್ಲ ಅಂತ ಸಾಹೇಬರಿಗೆ ಹೇಳಿಬಿಡಿ.

ಆಮೇಲೆ ಒಬ್ಬನೇ ಮೇಲಕ್ಕೆ ಹತ್ತಿದ. ಒಂದು ಕೈಯಲ್ಲಿ ಬಂಡೆಗೆ ಜೋತುಬಿದ್ದು ಇನ್ನೊಂದು ಕೈಯಿಂದ ಗ್ರೆನೇಡ್ ಎಸೆದ. ಹತ್ತು ನೆಲೆಗಳು ಖಾಲಿಯಾದವು. ರಾತ್ರಿ ಜಪಾನಿಯರು ಬೆಟ್ಟ ಬಿಟ್ಟು ಹೋದರು. ಮಾರನೇ ಬೆಳಿಗ್ಗೆ ಅದೇ ಬೆಟಾಲಿಯನ್ ಕಮಾಂಡರ್, ಬಾವುಟ ನೀನೇ ಏರಿಸಬೇಕು ಅಂತ ಪಟ್ಟು ಹಿಡಿದರು. 1944ರ ಮಾರ್ಚ್‌ನಲ್ಲಿ ವಿಕ್ಟೋರಿಯಾ ಕ್ರಾಸ್ ಘೋಷಣೆಯಾಯಿತು. ನಮ್ಮಲ್ಲಿ ಪರಮವೀರ ಚಕ್ರ ಹೇಗೋ ಅಲ್ಲಿ ಅದು ಹಾಗೆ.

ಇಷ್ಟಾದರೂ ನಿಮ್ಮ ಪ್ರಶ್ನೆ ಹಾಗೇ ಉಳಿಯಿತು ಅಂತ ನನಗೆ ಗೊತ್ತು. ಹಿಂದೆ ಬಾ ಅಂದಾಗ ಬರಲಿಲ್ಲ, ಮೇಲೆ ಸುಳ್ಳು ಬೇರೆ ಹೇಳಿಸಿದ. ಅವನು ಸೋತು, ಜೊತೆಗಿದ್ದವರೂ ಸತ್ತಿದ್ದರೆ ಅದೇ ಮಾತು ವಿಚಾರಣೆಯ ಕಡತಕ್ಕೆ ಹೋಗುತ್ತಿತ್ತು. ಗೆದ್ದ, ಹಾಗಾಗಿ ಶೌರ್ಯದ ಕಥೆಗೆ ಹೋಯಿತು. ನಾನು ಅವನ ಪರ ವಕಾಲತ್ತು ಮಾಡುವುದಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. ಅವನು ಬೇರೆಯವರನ್ನು ಮುಂದೆ ಕಳಿಸಿ ಹಿಂದೆ ನಿಂತುಕೊಂಡು ಇಪ್ಪತ್ತು ನಿಮಿಷ ಕೇಳಲಿಲ್ಲ. ಆ ಇಪ್ಪತ್ತು ನಿಮಿಷದಲ್ಲಿ ಹೋಗುವ ಜೀವ ಮೊದಲು ತನ್ನದೇ ಅಂತ ಗೊತ್ತಿದ್ದೇ ಕೇಳಿದ. ನೀವು ಸೇನೆಯಲ್ಲಿದ್ದವರು, ನಾನು ಮೇಜಿನ ಮುಂದೆ ಕೂತವನು. ಇದು ಸಾಲದು ಅಂತ ನೀವು ಅಂದರೆ ನಾನು ಎದುರು ವಾದ ಮಾಡಲಾರೆ.

ಇಲ್ಲಿಗೆ ನಾನು ನಿಲ್ಲಿಸಿದ್ದೆ. ಈಗ ಕತ್ತರಿಸಿದ ಭಾಗ.

ಪದಕ ಬಂದ ಮೇಲೆ ಡೆರಿಕ್ ಆರಾಮವಾಗಿ ಊರಲ್ಲೇ ಉಳಿಯಬಹುದಿತ್ತು. ತರಬೇತಿ ಶಿಬಿರ, ಯುದ್ಧನಿಧಿ ಭಾಷಣ, ಪತ್ರಿಕೆಯ ಫೋಟೋ, ಹೀಗೆ ಏನಾದರೂ ಮಾಡಿಕೊಂಡು ಯುದ್ಧ ಮುಗಿಸಬಹುದಿತ್ತು. 2/48ನೇ ಬೆಟಾಲಿಯನ್‌ಗೆ ಆ ಯುದ್ಧದಲ್ಲಿ ನಾಲ್ಕು ವಿಕ್ಟೋರಿಯಾ ಕ್ರಾಸ್ ಬಂದವು. ಗರ್ನಿ, ಗ್ರ್ಯಾಟ್‌ವಿಕ್, ಕಿಬ್ಬಿ, ಡೆರಿಕ್. ಮೊದಲ ಮೂವರೂ ಪದಕಕ್ಕೆ ಕಾರಣವಾದ ಕಾಳಗದಲ್ಲೇ ಸತ್ತವರು. ಪದಕದ ಸುದ್ದಿ ಕೇಳಲು ಬದುಕಿದ್ದವನು ಡೆರಿಕ್ ಒಬ್ಬನೇ. ಅವನನ್ನು ಮತ್ತೆ ಗುಂಡಿನ ಬಾಯಿಗೆ ಕಳಿಸಬೇಕಿರಲಿಲ್ಲ. ಅವನೇ ಹೋದ.

ನಡುವೆ ವಿಕ್ಟೋರಿಯಾ ರಾಜ್ಯದ ಸೀಮೋರ್‌ನಲ್ಲಿ ಅಧಿಕಾರಿ ತರಬೇತಿ ಆಯಿತು. ಅಲ್ಲಿ ಅವನ ಜೊತೆ ವಸತಿ ಹಂಚಿಕೊಂಡವನು ರೆಗ್ ಸಾಂಡರ್ಸ್. ಆಸ್ಟ್ರೇಲಿಯಾದ ಮೂಲನಿವಾಸಿ. ಆ ಸಮುದಾಯದಿಂದ ಅಲ್ಲಿನ ಸೇನೆಯಲ್ಲಿ ಅಧಿಕಾರಿಯಾದ ಮೊದಲಿಗ. ಇಬ್ಬರೂ 1944ರ ನವೆಂಬರ್‌ನಲ್ಲಿ ಲೆಫ್ಟಿನೆಂಟ್ ಆದರು. ಸಾಂಡರ್ಸ್ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಪುಟ ಬೇಕು. ಇನ್ನೊಮ್ಮೆ ಬರೆಯುತ್ತೇವೆ, ಈ ಸಲ ಕತ್ತರಿ ಹಾಕುವುದಿಲ್ಲ.

ಹೊಸದಾಗಿ ಅಧಿಕಾರಿಯಾದವರನ್ನು ಹಳೇ ಬೆಟಾಲಿಯನ್‌ಗೆ ವಾಪಸ್ ಕಳಿಸುವ ಪದ್ಧತಿ ಅಲ್ಲಿರಲಿಲ್ಲ. ನಿನ್ನೆ ಜೊತೆಗೆ ಇಸ್ಪೀಟು ಆಡಿದವರಿಗೆ ಇವತ್ತು ಹುಕುಂ ಕೊಡುವುದು ಕಷ್ಟ, ಅದಕ್ಕೆ. ಡೆರಿಕ್ ವಿಷಯದಲ್ಲಿ ಮಾತ್ರ ಅದನ್ನು ಸಡಿಲಿಸಿದರು. ತನ್ನ ಹುಡುಗರ ಹತ್ತಿರವೇ ವಾಪಸ್ ಬಂದ.

1945ರ ಮೇ 1ರಂದು ಆ ಬೆಟಾಲಿಯನ್ ತರಕಾನ್ ದ್ವೀಪದಲ್ಲಿ ಇಳಿಯಿತು. ಬೋರ್ನಿಯೋದ ಈಶಾನ್ಯ ಕರಾವಳಿಯ ಪುಟ್ಟ ದ್ವೀಪ. ಈಗ ಇಂಡೋನೇಷ್ಯಾದಲ್ಲಿದೆ. ನೆಲದಡಿ ಎಣ್ಣೆ ಇತ್ತು. ಡಚ್ಚರ ಕೈಯಲ್ಲಿದ್ದುದನ್ನು ಜಪಾನ್ 1942ರ ಆರಂಭದಲ್ಲೇ ಕಸಿದುಕೊಂಡಿತ್ತು. ಆಸ್ಟ್ರೇಲಿಯಾದವರಿಗೆ ಬೇಕಿದ್ದದ್ದು ಮುಖ್ಯವಾಗಿ ಅಲ್ಲಿನ ವಿಮಾನ ನಿಲ್ದಾಣ. ಅದು ಸಿಕ್ಕರೆ ಬ್ರೂನೈ ಮತ್ತು ಬಾಲಿಕ್‌ಪಾಪನ್ ಮೇಲಿನ ಮುಂದಿನ ದಾಳಿಗಳಿಗೆ ಅಲ್ಲಿಂದ ವಿಮಾನ ಹಾರಿಸಬಹುದು ಅಂತ ಲೆಕ್ಕ.

ದ್ವೀಪದ ಒಳಗಿನ ಗುಡ್ಡಗಳಿಗೆ ಸೈನಿಕರು ಹೆಂಗಸರ ಹೆಸರು ಇಟ್ಟುಕೊಂಡಿದ್ದರು. ಒಂದರ ಹೆಸರು ಫ್ರೀಡಾ. ಮೇ 22ರಂದು ಡೆರಿಕ್‌ನ ಪ್ಲಟೂನ್ ಅದರ ಒಂದು ದಿಣ್ಣೆಯನ್ನು ಹಿಡಿಯಿತು. ರಾತ್ರಿ ಅಲ್ಲೇ ತಂಗಿದರು. ಡೆರಿಕ್ ಕಾಡಿನ ಕಾಲುದಾರಿಯ ಮೇಲೇ ಮಲಗಿದ. ಆ ದಿಣ್ಣೆಯ ಮೇಲೆ ನೇರ ಕಣ್ಣಿಟ್ಟುಕೊಂಡು ಜಪಾನಿಯರ ಒಂದು ಬಂಕರ್ ಇತ್ತು. ಅದು ಗೊತ್ತಾಗಿದ್ದು ಬೆಳಗಾದ ಮೇಲೆ.

ಬೆಳಗಿನ ಜಾವ ಸುಮಾರು ಮೂರು ಗಂಟೆ. ಕತ್ತಲಲ್ಲಿ ಮಷಿನ್ ಗನ್ ಒಂದು ಸಲ ಕೆಮ್ಮಿತು. ಆಗ ತಲೆ ಎತ್ತಬಾರದು, ನೆಲಕ್ಕೆ ಅಂಟಿಕೊಂಡಿರಬೇಕು. ಇದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಟೊಬ್ರುಕ್‌ನಿಂದ ಇಲ್ಲಿವರೆಗೆ ಬಂದ ಡೆರಿಕ್‌ಗೂ ಯಾರೂ ಹೇಳಬೇಕಿರಲಿಲ್ಲ. ಆದರೂ ಎದ್ದು ಕೂತ. ಹುಡುಗರು ಎಲ್ಲರೂ ಸರಿಯಾಗಿದ್ದಾರಾ ಅಂತ ನೋಡಲು. ಅಷ್ಟರಲ್ಲಿ ಗನ್ ಎರಡನೇ ಸಲ ಸಿಡಿಯಿತು. ಎಡ ಸೊಂಟದಿಂದ ಎದೆಯ ಬಲಭಾಗದವರೆಗೆ ಐದು ಗುಂಡು ಬಿದ್ದವು.

ಪಕ್ಕದಲ್ಲಿದ್ದ ಸಿಪಾಯಿ ಮರೆಗೆ ಎಳೆದುಕೊಂಡ. ಕೆಳಗೆ ಸಾಗಿಸುವಂತಿರಲಿಲ್ಲ. ಮೂರೂವರೆಗೆ ಒಂದು ದಾಳಿ, ನಾಲ್ಕಕ್ಕೆ ಇನ್ನೊಂದು. ನನ್ನ ಕಥೆ ಮುಗೀತು ಅಂತ ಆ ಸಿಪಾಯಿಗೆ ಹೇಳಿದ ಡೆರಿಕ್, ಅಲ್ಲೇ ಬಿದ್ದುಕೊಂಡು ಗಂಟೆಗಟ್ಟಲೆ ಆದೇಶ ಕೊಡುತ್ತಲೇ ಇದ್ದ. ಬೆಳಗಾದ ಮೇಲೆ ಸ್ಟ್ರೆಚರ್‌ನವರು ಬಂದರು. ಮೊದಲು ಬೇರೆ ಗಾಯಾಳುಗಳನ್ನು ನೋಡಿ ಅಂದ.

ಕೊನೆಗೆ ಅವನನ್ನು ಹೊತ್ತು ಕೆಳಗೆ ತಂದಾಗ ಬ್ರಿಗೇಡಿಯರ್ ವೈಟ್‌ಹೆಡ್ ಎದುರಾದರು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಿದರು. ಆಮೇಲೆ ಡೆರಿಕ್, ಜಾಸ್ತಿ ಸಮಯ ಉಳಿದಿಲ್ಲ ಅನಿಸುತ್ತೆ, ಕ್ಷಮಿಸಿ, ಪಾದ್ರಿಯನ್ನು ನೋಡಬೇಕು ಅಂದ. ಬ್ರಿಗೇಡಿಯರ್ ಒಂದು ಹೆಜ್ಜೆ ಹಿಂದೆ ಸರಿದು ಸೆಲ್ಯೂಟ್ ಮಾಡಿ, ಪಾದ್ರಿಗೆ ಹೇಳಿಕಳಿಸಿದರು. ಬ್ರಿಗೇಡಿಯರ್ ಲೆಫ್ಟಿನೆಂಟ್‌ಗೆ ಮೊದಲು ಸೆಲ್ಯೂಟ್ ಮಾಡುವುದು ಎಂಥ ಮಾತು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಆಸ್ಪತ್ರೆಯಲ್ಲಿ ನೋಡಿದರೆ ಯಕೃತ್ತಿನ, ಅಂದರೆ ಲಿವರ್‌ನ, ಬಹುಪಾಲು ಹರಿದುಹೋಗಿತ್ತು. ಎರಡನೇ ಸಲ ಆಪರೇಷನ್ ಮಾಡುತ್ತಿದ್ದಾಗ, ಮೇ 24ರಂದು, ಪ್ರಾಣ ಹೋಯಿತು. ಅವನಿಗೆ 31 ವರ್ಷ. ಆಗಸ್ಟ್ 15ಕ್ಕೆ ಯುದ್ಧವೇ ನಿಂತಿತು. ನಡುವೆ ಉಳಿದಿದ್ದದ್ದು 83 ದಿನ.

ಇವನ ಸಾವಿನಿಂದ ಯಾರಿಗಾದರೂ ಉಪಯೋಗ ಆಯ್ತಾ ಅಂತ ಕೇಳಿದಿರಿ. ಪತ್ರಿಕೆಯವರು ಇಲ್ಲಿ "ಅವನ ತ್ಯಾಗ ವ್ಯರ್ಥವಾಗಲಿಲ್ಲ" ಅಂತ ಬರೆದು ಪಾರಾಗುತ್ತಾರೆ. ನಾನೂ ಬೇರೆಯವರ ಬಗ್ಗೆ ಹಾಗೆ ಬರೆದಿದ್ದೇನೆ. ತರಕಾನ್ ವಿಷಯದಲ್ಲಿ ಹಾಗೆ ಬರೆಯಲು ಕೈ ಬರುವುದಿಲ್ಲ.

ಯಾವ ವಿಮಾನ ನಿಲ್ದಾಣಕ್ಕಾಗಿ ದ್ವೀಪಕ್ಕೆ ಇಳಿದರೋ ಅದು ಬಾಂಬಿನಿಂದ ಆಗಲೇ ಜರ್ಜರಿತವಾಗಿತ್ತು. ಬಾಂಬ್ ಹಾಕಿದವರು ಬಹುಪಾಲು ಮಿತ್ರಪಡೆಯವರೇ. ನೆಲ ಜೌಗು. ಎಂಜಿನಿಯರುಗಳು ಹಗಲೂ ರಾತ್ರಿ ದುಡಿದರೂ ಅದು ಬಳಕೆಗೆ ಬಂದಿದ್ದು ಜೂನ್ ಕೊನೆಗೆ. ಬ್ರೂನೈ ದಾಳಿ ಜೂನ್ 10ಕ್ಕೇ ನಡೆದುಹೋಗಿತ್ತು. ಬಾಲಿಕ್‌ಪಾಪನ್ ದಾಳಿ ಜುಲೈ 1ಕ್ಕೆ. ಅಂದರೆ ಯಾವ ಕೆಲಸಕ್ಕೆ ಬೇಕಿತ್ತೋ ಆ ಕೆಲಸಕ್ಕೆ ನಿಲ್ದಾಣ ಒದಗಲೇ ಇಲ್ಲ. ದ್ವೀಪಕ್ಕಾಗಿ ಆಸ್ಟ್ರೇಲಿಯಾದ 225 ಮಂದಿ ಸತ್ತರು. ಜಪಾನಿಯರ ಕಡೆ ಸತ್ತವರು 1,500ಕ್ಕೂ ಜಾಸ್ತಿ. ಸಿಕ್ಕ ಫಲ ತೆತ್ತ ಬೆಲೆಗೆ ಸಾಟಿಯಲ್ಲ ಅಂತ ಆ ದೇಶದ ಅಧಿಕೃತ ಯುದ್ಧ ಇತಿಹಾಸಕಾರ ಗ್ಯಾವಿನ್ ಲಾಂಗ್ ಅವರೇ ತೀರ್ಮಾನ ಕೊಟ್ಟಿದ್ದಾರೆ. ಇದು ಯಾರೋ ಯುದ್ಧವಿರೋಧಿಯ ಮಾತಲ್ಲ.

ಡೆರಿಕ್‌ಗೆ ಈ ಲೆಕ್ಕ ಗೊತ್ತಿರಲಿಲ್ಲ. ಗೊತ್ತಿದ್ದರೂ ಅವನು ಆ ರಾತ್ರಿ ಎದ್ದು ಕೂತಿದ್ದು ವಿಮಾನ ನಿಲ್ದಾಣಕ್ಕಾಗಿ ಅಲ್ಲ. ನಾನು ಎರಡನ್ನೂ ಬೇರೆಬೇರೆಯಾಗಿಯೇ ಇಡುತ್ತೇನೆ. ಯೋಜನೆ ಹಾಕಿದವರ ತಪ್ಪನ್ನು ಸತ್ತವನ ಒಳ್ಳೆತನದಿಂದ ಮುಚ್ಚುವುದು ಬೇಡ. ಯೋಜನೆ ಕೆಟ್ಟಿತು ಅಂತ ಅವನನ್ನು ಸಣ್ಣದು ಮಾಡುವುದೂ ಬೇಡ. ಬಾವುಟದ ಹತ್ತಿರ ಲೇಖನ ನಿಲ್ಲಿಸಿದಾಗ ನಾನು ಮಾಡಿದ್ದು ಮೊದಲನೇ ಕೆಲಸ. ಅದಕ್ಕೇ ಈ ಉದ್ದದ ಉತ್ತರ.

ನಿಮ್ಮ ಪತ್ರದ ಕೊನೆಯಲ್ಲಿ ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದು ಸಾಲು ಇದೆ: "ಅವನ ಹೆಂಡತಿ?" ಅಕ್ಷರ ಬೇರೆ. ಮನೆಯವರು ಬರೆದದ್ದು ಅಂದುಕೊಳ್ಳುತ್ತೇನೆ. ಅಮ್ಮಾ, ಹೇಳುತ್ತೇನೆ. ಮದುವೆಯಾಗಿ ಒಂದು ವರ್ಷಕ್ಕೆ ಗಂಡ ಸೇನೆಗೆ ಹೋದ. ಆಮೇಲೆ ಬೆರಿಲ್‌ಗೆ ಅವನು ಜೊತೆಗೆ ಸಿಕ್ಕಿದ್ದು ರಜೆಯಲ್ಲಿ ಮಾತ್ರ. ಗಂಡ ದಿನಚರಿ ಬರೆಯುತ್ತಿದ್ದ, ಕವಿತೆ ಬರೆಯುತ್ತಿದ್ದ, ಯುದ್ಧದ ನಡುವೆ ಚಿಟ್ಟೆ ಹಿಡಿದು ಕೂಡಿಡುತ್ತಿದ್ದ. 14ಕ್ಕೆ ಶಾಲೆ ಬಿಟ್ಟ ಹುಡುಗನ ಆ ದಿನಚರಿಗಳನ್ನು ಇವತ್ತಿಗೂ ಇತಿಹಾಸಕಾರರು ತೆಗೆದು ಓದುತ್ತಾರೆ. ಯುದ್ಧ ಮುಗಿದ ಮೇಲೆ ಬೆರಿಲ್ ಮರುಮದುವೆಯಾದಳು. ಗಂಡನ ವಿಕ್ಟೋರಿಯಾ ಕ್ರಾಸ್ ಈಗ ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿದೆ. ಅಡಿಲೇಡ್ ಬಂದರಿನ ನದಿಗೆ ಕಟ್ಟಿದ ಸೇತುವೆಯೊಂದಕ್ಕೆ 2008ರಲ್ಲಿ ಅವನ ಹೆಸರಿಟ್ಟರು, 'ಡೈವರ್' ಎಂಬ ಅಡ್ಡಹೆಸರೂ ಸೇರಿಸಿ.

ಇನ್ನು ಸಮಾಧಿ. ನೀವು ಕೇಳಿದ್ದು ನಿಜ. ಮೊದಲು ಅವನನ್ನು ತರಕಾನ್‌ನಲ್ಲೇ ಬೆಟಾಲಿಯನ್‌ನ ಸ್ಮಶಾನದಲ್ಲಿ ಮಣ್ಣು ಮಾಡಿದ್ದರು. ಆಮೇಲೆ ಅಲ್ಲಿಂದ ತೆಗೆದು ಲಬುವಾನ್ ಯುದ್ಧ ಸ್ಮಶಾನಕ್ಕೆ ತಂದರು. ಲಬುವಾನ್ ಈಗ ಮಲೇಷ್ಯಾದ ದ್ವೀಪ. ಆದರೆ ಕೌಲಾಲಂಪುರದಿಂದ ಬಸ್ಸು ಹತ್ತಿ ಹೋಗುವ ಜಾಗ ಅಲ್ಲ, ಸಮುದ್ರದಾಚೆ ಬೋರ್ನಿಯೋ ಪಕ್ಕದಲ್ಲಿದೆ. ಮಗಳು ವಿಮಾನದಲ್ಲೇ ಹೋಗಬೇಕು. ಅಲ್ಲಿ ಹೆಸರೇ ಗೊತ್ತಿಲ್ಲದ ಸೈನಿಕರ ಕಲ್ಲುಗಳು ಸಾಲುಸಾಲಾಗಿವೆ. ಅದೇ ಆವರಣದಲ್ಲಿ ಭಾರತೀಯ ಸೇನೆಯ ಸೈನಿಕರ ನೆನಪಿಗೂ ಜಾಗ ಇದೆ. ಮಗಳಿಗೆ ಅದನ್ನೂ ನೋಡಲು ಹೇಳಿ. ಡೆರಿಕ್‌ದು ಪ್ಲಾಟ್ 24, ಸಾಲು ಎ, ಸಮಾಧಿ 9. ಫೋಟೋ ಕಳಿಸಿದರೆ ಹಾಕುತ್ತೇವೆ.

— ಸಂಪಾದಕ